ಬಾಗಿಲ ಸಾಲಿನ ಗೋಧಿ

ಕುಂಡದಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ರಜೆ ಅರ್ಜಿಯ ಕೆಳಗೆ ಸಹಿ ಮಾಡುವಾಗ ಮಾತ್ರ ಅದಕ್ಕೆ ಕೆಲಸ. ಉಳಿದ ಹೊತ್ತೆಲ್ಲ, ಸಂಶೋಧನಾ ಕೇಂದ್ರದ ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ, ಎಲ್ಲರ ಬಾಯಲ್ಲೂ ಅವಳು ಕುಂಡದಕ್ಕನೇ. ಕೇಂದ್ರದ ಹಿಂಭಾಗದಲ್ಲಿ ಮೂರು ಗಾಜಿನಮನೆಗಳಿವೆ. ಅವುಗಳೊಳಗಿನ ಕುಂಡಗಳಿಗೆ ಮಣ್ಣು ತುಂಬುವುದು, ನೀರನ್ನು ಅಳೆದು ಹಾಕುವುದು, ಗಿಡ ಸತ್ತರೆ ಯಾವ ದಿನ ಸತ್ತಿತೆಂದು ಬರೆದಿಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು.

ಸೇರಿದ ಹೊಸತರಲ್ಲಿ ಅವಳನ್ನು ಬರ ತಡೆಯುವ ಗಿಡಗಳ ಪ್ರಯೋಗಕ್ಕೆ ಹಾಕಿದ್ದರು. ಹದಿನೈದು ದಿನ ಕುಂಡಗಳಿಗೆ ಒಂದು ಹನಿ ನೀರೂ ಬೀಳಕೂಡದು, ಯಾವ ಗಿಡ ಬಾಡುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ನೋಡಬೇಕು. ಎಂಟನೆಯ ದಿನ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡದ್ದನ್ನು ಕಂಡು ಅವಳು ನೀರಿನ ಡಬ್ಬ ಹಿಡಿದು ಅತ್ತುಬಿಟ್ಟಳಂತೆ. ಅತ್ತಳೇ ಹೊರತು ನೀರು ಹಾಕಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು, "ಗಿಡ ಒಣಗಿಸೋಕೂ ಆಳು ಇಟ್ಕೊಂಡಿದಾರಾ? ಅದನ್ನ ನಾನು ಮನೇಲಿ ಪುಕ್ಕಟೆ ಮಾಡ್ತಿದ್ದೆನಲ್ಲೇ" ಎಂದು ನಕ್ಕಿದ್ದ. ಅವನು ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ದರ್ಜಿ. ಬಾಯಿಗೆ ಬಟನ್ ಹಾಕಿಕೊಳ್ಳುವುದನ್ನು ಮಾತ್ರ ಕಲಿತಿರಲಿಲ್ಲ.

ಇಷ್ಟು ವರ್ಷದಲ್ಲಿ ಕುಂಡದಕ್ಕನಿಗೆ ಒಂದು ಹೆಸರು ಬಂದಿತ್ತು. ಕೈಗುಣ ಇರುವವಳು ಎಂದು. ಕಚೇರಿಯ ಯಾರ ಮೇಜಿನ ಮೇಲೆ ಗಿಡ ಬಾಡಿದರೂ ಅದು ಆಸ್ಪತ್ರೆಗೆ ಬರುವಂತೆ ಅವಳ ಬಳಿ ಬರುತ್ತಿತ್ತು, ತಿಂಗಳಲ್ಲಿ ಚಿಗುರಿಕೊಂಡು ಹೋಗುತ್ತಿತ್ತು. "ಅಯ್ಯೋ, ನಂದೇನಿದೆ, ಗಿಡದ ಆಯಸ್ಸು ಗಟ್ಟಿ" ಎಂದು ಅವಳು ಹೇಳುವುದು. ಹೊಗಳಿಕೆ ಬೇಡ ಬೇಡ ಎನ್ನುತ್ತಲೇ ಇನ್ನೊಂದು ಸಲ ಹೇಳಲಿ ಎಂದು ಕಿವಿ ಅತ್ತ ಕೊಡುವವರಿದ್ದಾರಲ್ಲ, ಆ ಪೈಕಿಯವಳೇ ಅವಳೂ. ತಪ್ಪೇನಿಲ್ಲ. ಕುಂಡ ತೊಳೆದು ತೊಳೆದು ಬೆರಳು ಸೆಟೆದುಕೊಂಡ ಹೆಂಗಸಿಗೆ ಅಷ್ಟಾದರೂ ಬೇಡವೆ?

ಇನ್ನೊಂದು ಚಟವೂ ಇತ್ತು. ಒರೆಸುವುದು. ಕೈಯಲ್ಲಿ ಸದಾ ಒಂದು ಒದ್ದೆ ಬಟ್ಟೆ. ಗಾಜು, ಮೇಜು, ಕುಂಡದ ಅಂಚು, ಗೋಡೆಗೆ ಅಂಟಿಸಿದ ಪಟ್ಟಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಒರೆಸುವಳು. ಅವಳ ಗಾಜಿನಮನೆಯ ನೆಲದ ಮೇಲೆ ಕೂತು ಊಟ ಮಾಡಬಹುದು ಎಂದು ನಿರ್ದೇಶಕರು ಒಮ್ಮೆ ಸಭೆಯಲ್ಲೇ ಹೇಳಿದ್ದರು.

ಮೂರನೆಯ ಗಾಜಿನಮನೆಗೆ ಗೋಧಿ ಬಂದದ್ದು ಒಬ್ಬ ಸಂಶೋಧಕಿಯ ಜೊತೆಗೆ. ಮೂವತ್ತೈದರ ಒಳಗಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವಷ್ಟು ಕೆಲಸದಲ್ಲಿ ಮುಳುಗಿದವಳು. ಕಡಲ ದಂಡೆಯ ಹೊಲಗಳಿಗೆ ಉಪ್ಪುನೀರು ನುಗ್ಗಿ ನುಗ್ಗಿ ಅಲ್ಲಿ ಗೋಧಿ ಏಳುವುದೇ ನಿಂತುಹೋಗಿತ್ತು. ಆದರೆ ಅದೇ ದಂಡೆಯ ಕೆಸರಲ್ಲಿ ಒಂದು ಜಾತಿಯ ಹುಲ್ಲು ಉಪ್ಪನ್ನೇ ಕುಡಿದು ಸೊಂಪಾಗಿ ಬೆಳೆಯುತ್ತದೆ. ಆ ಹುಲ್ಲಿಗೆ ಉಪ್ಪು ತಡೆಯುವ ಶಕ್ತಿ ಕೊಡುವ ಜೀನನ್ನು ತೆಗೆದು ಗೋಧಿಯೊಳಗೆ ಸೇರಿಸಿದ್ದಳು ಈಕೆ. ಏಳು ವರ್ಷದ ಕೆಲಸ. ಕೊನೆಗೆ ಕೈಗೆ ಬಂದದ್ದು ಹನ್ನೆರಡು ತಳಿ.

"ಹನ್ನೆರಡೂ ಒಂದೇ ಅಲ್ವಾ ಮೇಡಂ?" ಎಂದು ಕುಂಡದಕ್ಕ ಕೇಳಿದಳು.

"ಒಂದೇ ತಾಯಿ ಮಕ್ಕಳು ಅಕ್ಕ, ಬುದ್ಧಿ ಮಾತ್ರ ಬೇರೆ ಬೇರೆ. ಜೀನು ಹೋಗಿ ಎಲ್ಲಿ ಕೂರುತ್ತೆ ಅನ್ನೋದು ನಮ್ಮ ಕೈಲಿಲ್ಲ. ಒಂದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಇನ್ನೊಂದರಲ್ಲಿ ಮಲ್ಕೊಂಡಿರುತ್ತೆ. ಯಾವುದು ಎದ್ದಿದೆ, ಯಾವುದು ಮಲಗಿದೆ ಅಂತ ನಾವಿಬ್ರೂ ಸೇರಿ ಕಂಡುಹಿಡಿಯೋಣ."

'ನಾವಿಬ್ರೂ' ಎಂದದ್ದು ಕುಂಡದಕ್ಕನಿಗೆ ಎಷ್ಟು ಹಿಡಿಸಿತೆಂದರೆ ಅಂದು ಸಂಜೆ ಗಂಡನ ಮುಂದೆ ಅದನ್ನು ಮೂರು ಸಲ ಹೇಳಿದಳು.

ಕೆಲಸ ಹೀಗೆ. ಒಂದೊಂದು ತಳಿಗೂ ಒಂದೊಂದು ಸಾಲು, ಸಾಲಿಗೆ ಹತ್ತು ಕುಂಡ. ಮೂರನೆಯ ವಾರದಿಂದ ಅಳತೆ ಪ್ರಕಾರ ಉಪ್ಪುನೀರು. ಪ್ರತಿ ಕುಂಡದ ಕೆಳಗೆ ಒಂದು ತಟ್ಟೆ. ಕುಂಡದಿಂದ ತಟ್ಟೆಗೆ ಇಳಿದ ನೀರನ್ನು ಮತ್ತೆ ಅದೇ ಕುಂಡಕ್ಕೆ ಸುರಿಯಬೇಕು, ಚೆಲ್ಲಕೂಡದು. ಮತ್ತೆ ಸೋಮವಾರ ಸೋಮವಾರ ಎಲ್ಲ ಸಾಲನ್ನೂ ಒಂದೊಂದು ಜಾಗ ಮುಂದಕ್ಕೆ ಸರಿಸಬೇಕು. ಬಾಗಿಲ ಬಳಿ ಗಾಳಿ ಹೆಚ್ಚು, ಮೂಲೆಯಲ್ಲಿ ಬಿಸಿ ಹೆಚ್ಚು, ಯಾವ ತಳಿಗೂ ಒಂದೇ ಜಾಗದ ಲಾಭವೋ ನಷ್ಟವೋ ಆಗಬಾರದೆಂದು. ಸರಿಸಿದ ಮೇಲೆ ಗೋಡೆಯ ಪಟ್ಟಿಯಲ್ಲಿ ಟಿಕ್ ಹಾಕಬೇಕು.

ಕುಂಡ ಎತ್ತಲು ಹೂಂರಾಯ ಬರುತ್ತಿದ್ದ. ವಾರದಲ್ಲಿ ಮೂರು ದಿನದ ದಿನಗೂಲಿ ಅವನದು, ಸೋಮವಾರದಿಂದ ಬುಧವಾರದವರೆಗೆ. ಐವತ್ತರ ಹತ್ತಿರದ ಆಳು, ಒಳ್ಳೆ ತೋಳು, ಮಾತು ಕಡಿಮೆ. ಏನು ಹೇಳಿದರೂ 'ಹೂಂ' ಎನ್ನುವನಾದ್ದರಿಂದ ಆ ಹೆಸರು. ಆ ಕುಂಡ ಇಲ್ಲಿಡು ಎಂದರೆ ಹೂಂ, ಅಯ್ಯೋ ಅಲ್ಲೇ ಇರಬೇಕಿತ್ತು ಎಂದರೂ ಹೂಂ. ಕುಂಡದಕ್ಕನ ಮೇಲೆ ಅವನಿಗೆ ಬೆಟ್ಟದಷ್ಟು ಗೌರವ. ಅವಳು ಗಡಿಯಾರ ನೋಡದೆ ಹನ್ನೆರಡಾಯಿತು ಎಂದರೆ, ಅವನು ತನ್ನ ಗಡಿಯಾರವನ್ನು ಹನ್ನೆರಡಕ್ಕೆ ತಿರುಗಿಸಿಕೊಳ್ಳುವವನು.

ಐದನೆಯ ವಾರಕ್ಕೆ ಉಪ್ಪು ತನ್ನ ಬಣ್ಣ ತೋರಿಸಿತು. ಕುಂಡದ ಅಂಚಿಗೆ, ಮಣ್ಣಿನ ಮೇಲ್ಭಾಗಕ್ಕೆ, ತಟ್ಟೆಗಳ ಸುತ್ತ ಬಿಳಿಯ ಹೊಪ್ಪಳೆ ಕಟ್ಟಿತು. ಪ್ರತಿ ಬುಧವಾರ ನೋಡಲು ಬರುವವರಿದ್ದರು: ಮೇಲಧಿಕಾರಿಗಳು, ಬೇರೆ ಕೇಂದ್ರಗಳವರು, ಶಾಲೆಯವರು. ಒಂದು ಮಂಗಳವಾರ ನಿರ್ದೇಶಕರು ಬಾಗಿಲಲ್ಲಿ ನಿಂತು ಮೂಗು ಮುರಿದರು. "ಏನ್ ಕುಂಡದಕ್ಕ, ಸುಣ್ಣ ಚೆಲ್ಲಿದ ಹಾಗಿದೆ? ನಿಮ್ಮ ಗಾಜಿನಮನೆ ಅಂತ ಗುರುತೇ ಸಿಗ್ತಿಲ್ಲ."

ಅವರೇನೋ ತಮಾಷೆಗೆ ಅಂದು ಹೋದರು. ಕುಂಡದಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಮರುದಿನ ಏಳು ಗಂಟೆಗೇ, ಯಾರೂ ಬರುವ ಮುನ್ನ ಬಂದಳು. ನೂರಿಪ್ಪತ್ತು ಕುಂಡ ಒರೆಸಲು ಹೊತ್ತೆಲ್ಲಿದೆ? ಬಾಗಿಲ ಬಳಿಯ ಸಾಲೊಂದನ್ನೇ ಹಿಡಿದಳು, ಬರುವವರ ಕಣ್ಣು ಮೊದಲು ಬೀಳುವುದು ಅಲ್ಲೇ ತಾನೆ. ಹೊಪ್ಪಳೆ ಕೆರೆದಳು, ಮಣ್ಣಿನ ಬಿಳುಪು ಹೋಗಲೆಂದು ಒಂದೊಂದು ಕುಂಡಕ್ಕೂ ಒಂದೊಂದು ಚೊಂಬು ಒಳ್ಳೆಯ ನೀರು ಹುಯ್ದಳು, ತಟ್ಟೆಗಿಳಿದದ್ದನ್ನು ಮೋರಿಗೆ ಚೆಲ್ಲಿ ತಟ್ಟೆಗಳನ್ನು ಫಳಫಳ ತೊಳೆದಿಟ್ಟಳು. ಉಪ್ಪುನೀರನ್ನು ಅಳತೆ ತಪ್ಪದೆ ಹಾಕುತ್ತಲೇ ಇದ್ದೇನಲ್ಲ, ವಾರಕ್ಕೊಂದು ಸಲ ಮೈ ತೊಳೆದರೆ ಏನಾಗುತ್ತದೆ ಎಂದುಕೊಂಡಳು. ಆ ಬುಧವಾರ ಬಂದವರು ಗಾಜಿನಮನೆಯನ್ನು ಹೊಗಳಿದರು. ಅಲ್ಲಿಂದ ಅದು ಪ್ರತಿ ಬುಧವಾರದ ಕೆಲಸವಾಯಿತು.

ಆಗ ಬಾಗಿಲ ಬಳಿ ಇದ್ದದ್ದು ಒಂಬತ್ತನೆಯ ತಳಿ. ನಾಲ್ಕೈದು ದಿನಕ್ಕೇ ಅದು ಉಳಿದವುಗಳಿಗಿಂತ ಹಸಿರಾಗಿ ಕಂಡಿತು. ಮುಂದಿನ ಸೋಮವಾರ ಸಾಲು ಸರಿಸುವಾಗ, ಇಷ್ಟು ಚೆಂದದ್ದನ್ನು ಮೂಲೆಗೆ ತಳ್ಳಿ ಬಾಡಿದ್ದನ್ನು ಬಾಗಿಲಿಗೆ ಇಡುವುದೇ ಎಂದು ಅವಳಿಗೆ ಅನಿಸಿತು. ಸೊಂಟವೂ ಹಿಡಿದುಕೊಂಡಿತ್ತು. "ಇದಿಲ್ಲೇ ಇರಲಿ, ಮಿಕ್ಕಿದ್ದು ಸರಿಸು" ಎಂದಳು. ಹೂಂರಾಯ ಹೂಂ ಎಂದ. ಅವಳು ಪಟ್ಟಿಯಲ್ಲಿ ಹನ್ನೆರಡು ಸಾಲಿಗೂ ಟಿಕ್ ಹಾಕಿದಳು. ಅದಾದ ಮೇಲೆ ಒಂಬತ್ತು ಬಾಗಿಲು ಬಿಟ್ಟು ಅಲುಗಲಿಲ್ಲ. ಹಸಿರಾಗಿದೆ ಎಂದು ಅಲ್ಲಿಟ್ಟಳು, ಅಲ್ಲಿದ್ದುದರಿಂದ ಅದು ಇನ್ನಷ್ಟು ಹಸಿರಾಯಿತು.

ಹತ್ತನೆಯ ವಾರಕ್ಕೆ ಹನ್ನೊಂದು ಸಾಲುಗಳ ಎಲೆತುದಿಗಳೆಲ್ಲ ಸುಟ್ಟು ಕಂದಾಗಿದ್ದವು. ಒಂಬತ್ತು ಮಾತ್ರ ಮೊಣಕಾಲು ದಾಟಿ ಸಾಲು ತುಂಬ ತೆನೆ ಬಿಟ್ಟು ನಿಂತಿತ್ತು. ಸಂಶೋಧಕಿ ತೆನೆಗಳನ್ನು ಮುಟ್ಟಿ ಮುಟ್ಟಿ ನೋಡಿ, ಸುತ್ತ ಯಾರಿದ್ದಾರೆಂದೂ ನೋಡದೆ ಕುಂಡದಕ್ಕನನ್ನು ತಬ್ಬಿಕೊಂಡಳು. "ನಿಮ್ಮ ಕೈಗುಣ ಅಕ್ಕ! ಲೇಖನದಲ್ಲಿ ನಿಮ್ಮ ಹೆಸರೂ ಹಾಕ್ತೀನಿ." ಅಚ್ಚಾಗುವ ಕಾಗದದಲ್ಲಿ ತನ್ನ ಹೆಸರು! ಕುಂಡದಕ್ಕ ಒದ್ದೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಮುಂದಿನ ಬುಧವಾರ ಬಂದವರು ಅಧಿಕಾರಿಗಳಲ್ಲ. ಕಡಲ ದಂಡೆಯ ಬೇಸಾಯಗಾರರು, ಎಂಟು ಹತ್ತು ಮಂದಿ. ಅವರ ಹೊಲದಲ್ಲೇ ಒಂಬತ್ತನೆಯ ತಳಿಯನ್ನು ಮೊದಲು ಬಿತ್ತಿ ನೋಡುವುದೆಂದು ತೀರ್ಮಾನವಾಗಿತ್ತು. ಅವರಲ್ಲಿ ಹಿಮ್ಮಡಿ ಒಡೆದ ಒಬ್ಬ ಹೆಂಗಸು ಬಗ್ಗಿ ತಟ್ಟೆ ನೋಡಿ, "ಇದ್ಯಾಕೆ ಕೆಳಗೆ?" ಎಂದು ಕೇಳಿದಳು.

ಸಂಶೋಧಕಿ ಉತ್ಸಾಹದಿಂದ ಹೇಳಿದಳು. "ಉಪ್ಪು ತಾನಾಗಿ ಎಲ್ಲೂ ಹೋಗಲ್ಲಮ್ಮ. ನೀರಿನ ಜೊತೆ ಕೆಳಗಿಳಿಯುತ್ತೆ, ಅಷ್ಟೆ. ಅದಕ್ಕೇ ಇಳಿದಿದ್ದನ್ನ ಮತ್ತೆ ಮೇಲೇ ಸುರೀತೀವಿ. ಅದನ್ನ ಚೆಲ್ಲಿ, ವಾರಕ್ಕೊಂದು ಸಲ ಒಳ್ಳೇ ನೀರು ಹಾಕಿದ್ರೆ ಸಾಕು, ಮಣ್ಣಲ್ಲಿ ಉಪ್ಪೇ ಉಳಿಯಲ್ಲ. ಆಗ ಯಾವ ಗೋಧಿ ಇಟ್ರೂ ಹಸಿರಾಗೇ ಇರುತ್ತೆ."

"ಅಂದ್ರೆ ನಮ್ಮ ಹಳೇ ಗೋಧೀನೂ?"

"ನಿಮ್ಮ ಹಳೇ ಗೋಧೀನೂ. ಆ ಒಳ್ಳೇ ನೀರೇ ಇಲ್ವಲ್ಲ, ಅದಕ್ಕೇ ಈ ಒದ್ದಾಟ."

ಎಲ್ಲರೂ ನಕ್ಕರು. ಕುಂಡದಕ್ಕ ಅವರ ಹಿಂದೆ ನಿಂತಿದ್ದಳು, ಬೆಳಿಗ್ಗೆ ತೊಳೆದ ತಟ್ಟೆಗಳನ್ನು ನೋಡುತ್ತ. ಇಪ್ಪತ್ತಾರು ವರ್ಷ ಗಿಡಗಳ ನಡುವೆ ಇದ್ದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಗೋಧಿ ಬಂದ ದಿನವೇ 'ಚೆಲ್ಲಬೇಡಿ' ಎಂದು ಹೇಳಿದ್ದರು. ಹೇಳಿದ್ದನ್ನು ಹನ್ನೊಂದು ಸಾಲಿಗೆ ಪಾಲಿಸಿದಳು, ಬಂದವರ ಕಣ್ಣಿಗೆ ಬೀಳುವ ಸಾಲಿಗೆ ಪಾಲಿಸಲಿಲ್ಲ. ಹಿಮ್ಮಡಿ ಒಡೆದ ಹೆಂಗಸು ಹೋಗುವ ಮುನ್ನ ಒಂಬತ್ತರ ತೆನೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಕುಂಡದಕ್ಕನಿಗೆ ಅತ್ತ ನೋಡಲಾಗಲಿಲ್ಲ.

ಅಷ್ಟೇ ಆಗಿದ್ದರೂ ಒಂದು ಮಾತು. ಆದರೆ ಮಧ್ಯಾಹ್ನ ಸಂಶೋಧಕಿ ಬಂದು ಇನ್ನೊಂದು ಸುದ್ದಿ ಹೇಳಿದಳು. ಜೀನು ಸೇರಿಸಿದ ತಳಿಗಳನ್ನು ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕು. ಹನ್ನೆರಡಕ್ಕೆ ಸಿಕ್ಕಿದ್ದ ಅನುಮತಿ ಈ ವಾರ ಮುಗಿಯುತ್ತದೆ, ಇನ್ನು ಮುಂದೆ ಒಂದಕ್ಕೆ ಮಾತ್ರ. ಉಳಿದ ಹನ್ನೊಂದರ ಬೀಜವನ್ನು ಒಂದು ಕಾಳೂ ಬಿಡದೆ ಶುಕ್ರವಾರ ಆಟೋಕ್ಲೇವಿಗೆ, ಅಂದರೆ ಹಬೆಯ ಯಂತ್ರಕ್ಕೆ ಹಾಕಿ ಬೇಯಿಸಿಬಿಡಬೇಕು. ಆ ಕೆಲಸ ಕುಂಡದಕ್ಕನದೇ.

ಹಾಗಾದರೆ ಹನ್ನೊಂದರಲ್ಲಿ ನಿಜವಾಗಿ ಉಪ್ಪು ತಡೆಯುವುದೊಂದು ಇದ್ದರೆ? ನಾಲ್ಕನೆಯ ಸಾಲು ನೆನಪಾಯಿತು. ಬಡಕಲಾಗಿದ್ದರೂ ಅದು ಸತ್ತಿರಲಿಲ್ಲ. ತಟ್ಟೆಯ ಉಪ್ಪನ್ನೆಲ್ಲ ಮತ್ತೆ ಮತ್ತೆ ತಲೆಯ ಮೇಲೆ ಸುರಿಸಿಕೊಂಡೂ ನಾಲ್ಕು ತೆನೆ ಬಿಟ್ಟಿತ್ತು. ಅದನ್ನು ಬೇಯಿಸಿ, ಏನೂ ಇಲ್ಲದ ಒಂಬತ್ತನ್ನು ಆ ಹೆಂಗಸಿನ ಹೊಲಕ್ಕೆ ಕಳಿಸುವುದು. ಬಾಯಿ ಬಿಟ್ಟು ಹೇಳಲು ಎರಡು ದಿನ ಇತ್ತು.

ಗುರುವಾರ ಹೇಳಲಿಲ್ಲ. ಮಹಡಿಯ ಮೇಲಿನ ಸಂಶೋಧಕಿಯ ಕೋಣೆಯವರೆಗೆ ಮೂರು ಸಲ ಹೋಗಿ ಮೂರು ಸಲವೂ ಮೆಟ್ಟಿಲು ಒರೆಸಿಕೊಂಡು ಬಂದಳು. ಸಂಜೆ ಮನೆಯಲ್ಲಿ ಗಂಡ ಒಂದು ತುತ್ತು ಬಾಯಿಗಿಟ್ಟು ಅವಳನ್ನೇ ನೋಡಿದ.

"ದಿನವಿಡೀ ಉಪ್ಪಲ್ಲಿ ಕೆಲಸ ಮಾಡ್ತೀಯ, ಮನೆ ಅಡುಗೆಗೆ ಒಂದು ಹರಳು ಹಾಕೋಕೆ ಆಗಲಿಲ್ವೇನೇ?"

ಅವಳು ಉಪ್ಪಿನ ಡಬ್ಬಿ ತಂದಿಟ್ಟಳು. "ರೀ, ನೀವು ಯಾರದ್ದಾದ್ರೂ ಬಟ್ಟೆ ಹಾಳು ಮಾಡಿದ್ರೆ ಏನ್ ಹೇಳ್ತೀರಿ?"

"ಮೊದ್ಲು ಬಟ್ಟೆ ಸರಿಯಿಲ್ಲ ಅಂತೀನಿ. ಒಪ್ಪದಿದ್ರೆ, ಅಳತೆ ಕೊಡೋವಾಗ ನೀವು ಉಸಿರು ಬಿಗಿ ಹಿಡಿದಿದ್ರಿ ಅಂತೀನಿ. ಅದಕ್ಕೂ ಒಪ್ಪದಿದ್ರೆ ನಂದೇ ತಪ್ಪು ಅಂತೀನಿ."

"ಮೊದ್ಲೇ ಯಾಕೆ ಹೇಳಲ್ಲ?"

"ಮೊದ್ಲೇ ಹೇಳೋಕೆ ಬಾಯಿ ಬರಲ್ಲ ಕಣೇ" ಎಂದು ಅವನು ಉಪ್ಪು ಉದುರಿಸಿಕೊಂಡು ಉಂಡ.

ಶುಕ್ರವಾರ ಬೆಳಿಗ್ಗೆ ಬೀಜದ ಹನ್ನೊಂದು ಪೊಟ್ಟಣಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಆಟೋಕ್ಲೇವಿನ ಕೋಣೆಗೆ ಹೋದಳು. ಯಂತ್ರದ ಬಾಗಿಲು ತೆರೆದು ನಿಂತವಳು ಒಂದೂ ಪೊಟ್ಟಣ ಒಳಗಿಡದೆ, ಗಾಡಿಯನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿದಳು. ಈ ಸಲ ಮೆಟ್ಟಿಲು ಒರೆಸಲಿಲ್ಲ.

"ಮೇಡಂ, ಬೀಜ ಬೇಯಿಸೋದು ಬೇಡ. ಬಾಗಿಲ ಸಾಲಿನ ತಟ್ಟೆ ನೀರೆಲ್ಲ ಚೆಲ್ಲಿಹೋಗಿದೆ. ಪ್ರತಿ ಬುಧವಾರ. ಒಳ್ಳೇ ನೀರೂ ಬಿದ್ದಿದೆ. ಸಾಲೂ ಸರಿಸಿಲ್ಲ. ಒಂಬತ್ತು ಐದನೇ ವಾರದಿಂದ ಅಲ್ಲೇ ಇದೆ."

ಸಂಶೋಧಕಿ ಮೇಲೆದ್ದವಳು ಹಾಗೇ ಕುಳಿತಳು. ಒಂದೇ ಮಾತು ಕೇಳಿದಳು. "ಯಾರು ಮಾಡಿದ್ದು?"

ಎರಡು ದಿನದಿಂದ ನಾಲಿಗೆಯ ತುದಿಯಲ್ಲಿ 'ನಾನು' ಎಂಬ ಮಾತೇ ಇತ್ತು. ಮಹಡಿ ಹತ್ತುವಾಗಲೂ ಇತ್ತು. ಆದರೆ ತನ್ನನ್ನು ತಬ್ಬಿಕೊಂಡಿದ್ದ ಆ ಹೆಂಗಸಿನ ಮುಖ ನೋಡಿದಾಗ ಅದು ಗಂಟಲಿಗೆ ಇಳಿದುಬಿಟ್ಟಿತು. ಬಾಯಿಗೆ ಬಂದದ್ದು ಬೇರೆ.

"ಹೂಂರಾಯ ಮೇಡಂ. ಪಾಪ, ಗೊತ್ತಾಗ್ಲಿಲ್ಲ ಅವನಿಗೆ. ನಾನು ಅವನನ್ನ ನಂಬಿ ಟಿಕ್ ಹಾಕ್ಬಿಟ್ಟೆ."

ಹೇಳಿ ಮುಗಿಸುವಷ್ಟರಲ್ಲಿ ತಡವಾಗಿತ್ತು ಎನ್ನುವುದು ಸುಳ್ಳು. ಆ ಕೋಣೆಯಲ್ಲಿ ಅವಳು ಇನ್ನೂ ಕಾಲು ಗಂಟೆ ಇದ್ದಳು. ತಿದ್ದಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ತಿದ್ದಿಕೊಳ್ಳಲಿಲ್ಲ.

ಸಂಶೋಧಕಿ ಅಳಲಿಲ್ಲ, ಬೈಯಲಿಲ್ಲ. "ಮಣ್ಣು ಅಳೆದು ನೋಡ್ಬೇಕಿತ್ತು ನಾನು. ನೀವಿದ್ದೀರಲ್ಲ ಅಂತ ಬಿಟ್ಟೆ" ಎಂದಳು. ಆಮೇಲೆ ಕುಂಡದಕ್ಕನ ಕೈ ಹಿಡಿದುಕೊಂಡು, "ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೂ ಬಂದು ಹೇಳಿದ್ರಲ್ಲ, ದೊಡ್ಡ ಮನಸ್ಸು ಅಕ್ಕ ನಿಮ್ದು" ಎಂದಳು. ನೆಲ ಬಿರಿದು ನುಂಗಬಾರದೇ ಎಂದು ಕುಂಡದಕ್ಕನಿಗೆ ಅನಿಸಿತು. ನೆಲ ತನ್ನ ಪಾಡಿಗೆ ಗಟ್ಟಿಯಾಗಿಯೇ ಇತ್ತು.

ಅನುಮತಿಗೆ ಮತ್ತೆ ಅರ್ಜಿ ಹೋಯಿತು, ಬೇಸಾಯಗಾರರಿಗೆ ಇನ್ನೊಂದು ಹಂಗಾಮು ಕಾಯಿರಿ ಎಂದು ಪತ್ರ ಹೋಯಿತು, ಹನ್ನೆರಡು ತಳಿಗಳನ್ನೂ ಮೊದಲಿಂದ ಬಿತ್ತಲಾಯಿತು. ಸೋಮವಾರ ಕೆಲಸಕ್ಕೆ ಬಂದ ಹೂಂರಾಯನನ್ನು ಆಡಳಿತದವರು ಕೋಣೆಗೆ ಕರೆದು ಹತ್ತು ನಿಮಿಷ ಮಾತಾಡಿ, ಇನ್ನು ಬರಬೇಡ ಎಂದು ಕಳಿಸಿದರು. ಆ ಹತ್ತು ನಿಮಿಷ ಕುಂಡದಕ್ಕ ಒಂದನೆಯ ಗಾಜಿನಮನೆಯ ಕೊನೆಯ ಮೂಲೆಯಲ್ಲಿ, ಮಣ್ಣಿನ ಚೀಲಗಳ ಹಿಂದೆ ಕೂತಿದ್ದಳು. ಐವತ್ತೇಳು ವರ್ಷದ ಹೆಂಗಸು, ಕಣ್ಣುಮುಚ್ಚಾಲೆ ಆಡುವ ಮಗುವಿನ ಹಾಗೆ.

ಈ ಸಲ ಅವಳು ಕುಂಡದ ಬಿಳಿ ಹೊಪ್ಪಳೆಯನ್ನು ಮುಟ್ಟಲಿಲ್ಲ. ಪ್ರತಿ ಸೋಮವಾರ ಸೊಂಟ ಮುರಿದರೂ ತಾನೇ ಎತ್ತಿ ನೂರಿಪ್ಪತ್ತು ಕುಂಡ ಸರಿಸಿದಳು. ಇನ್ನೊಬ್ಬ ಆಳನ್ನು ಕೊಡುತ್ತೇವೆ ಎಂದರೆ ಬೇಡ ಎಂದಳು. ಒಂಬತ್ತು ಐದನೆಯ ವಾರಕ್ಕೆ ಹಳದಿಯಾಗಿ ಏಳನೆಯ ವಾರಕ್ಕೆ ಮಲಗಿತು. ನಾಲ್ಕು ನಿಂತಿತು. ತೆಳ್ಳಗೆ, ಅಷ್ಟೇನೂ ಚೆಂದವಿಲ್ಲದೆ, ಆದರೆ ಕಾಳು ಕಟ್ಟಿ ನಿಂತಿತು. ಸಂಶೋಧಕಿಯ ಏಳು ವರ್ಷದ ಕೆಲಸ ಸುಳ್ಳಾಗಲಿಲ್ಲ. ಕೇಂದ್ರದವರೆಲ್ಲ ಸೇರಿದ ಸಭೆಯಲ್ಲಿ ನಿರ್ದೇಶಕರು, ಪ್ರಾಮಾಣಿಕತೆಗೆ ಎಂದು ಕುಂಡದಕ್ಕನಿಗೆ ಪ್ರಶಂಸಾ ಪತ್ರ ಕೊಟ್ಟರು. ಚಪ್ಪಾಳೆ ಬಿದ್ದಿತು. ಅವಳು ಅಳುತ್ತ ನಿಂತದ್ದನ್ನು ಕಂಡು ಚಪ್ಪಾಳೆ ಇನ್ನೂ ಜೋರಾಯಿತು.

ಗಂಡ ಅದಕ್ಕೆ ಕಟ್ಟು ಹಾಕಿಸುತ್ತೇನೆ ಎಂದು ಕುಣಿದ. "ಗೋಡೆ ಒದ್ದೆ ಇದೆ, ಹಾಳಾಗುತ್ತೆ" ಎಂದು ಅವಳು ಪತ್ರವನ್ನು ಕಪಾಟಿನಲ್ಲಿ ಹಳೆಯ ಬಟ್ಟೆಗಳ ಅಡಿಗೆ ತುರುಕಿದಳು. ಹೂಂರಾಯನ ಮನೆ ಬಸ್ಸಿನ ದಾರಿಯಲ್ಲೇ ಇತ್ತು. ನಾಲ್ಕು ತಿಂಗಳಿಂದ ಅವಳು ಅದಕ್ಕೆ ಎರಡು ನಿಲ್ದಾಣ ಮೊದಲೇ ಇಳಿದು, ಸುತ್ತುದಾರಿಯಲ್ಲಿ ನಡೆದು ಮನೆ ಸೇರುತ್ತಿದ್ದಳು. ನಡೆದರೆ ಮಂಡಿಗೆ ಒಳ್ಳೆಯದಂತೆ ಎಂದು ಗಂಡನಿಗೆ ಹೇಳಿದ್ದಳು.

ಅವಳು ಹೋಗಲಿಲ್ಲ, ಕೊನೆಗೆ ಅವನೇ ಬಂದ. ಒಂದು ಮಧ್ಯಾಹ್ನ ಅವಳು ಹೊರಗೆ ಬರುವಾಗ ಗೇಟಿನ ಪಕ್ಕ ನಿಂತಿದ್ದ. ತೋಳು ಇಳಿದುಹೋಗಿತ್ತು. ಜಗಳಕ್ಕೆ ಬಂದ, ಬರಲಿ, ಕೆನ್ನೆಗೆ ಎರಡು ಕೊಡಲಿ, ಎಂದುಕೊಂಡು ಅವಳು ಎದುರಿಗೆ ಹೋಗಿ ನಿಂತಳು.

"ಚೆನ್ನಾಗಿದ್ದೀರಾ ಅಕ್ಕ? ನಿಮ್ಮನ್ನೇ ಕೇಳ್ಬೇಕು ಅಂತ ಬಂದೆ" ಎಂದ ಅವನು. "ಪಾರ್ಕಿನ ನರ್ಸರಿಲಿ ಕೆಲಸ ಕೊಡ್ತೀವಿ ಅಂದಿದಾರೆ. ಅಲ್ಲೂ ಕುಂಡಾನೇ. ನಾನು ಆ ತಟ್ಟೆ ಯಾವ ಹೊತ್ತಲ್ಲಿ ತೊಳೀತಿದ್ದೆ, ಹೇಗೆ ತೊಳೀತಿದ್ದೆ ಅಂತ ಒಂಚೂರು ಹೇಳಿ. ಅಲ್ಲೂ ಹಾಗೇ ಮಾಡಿಬಿಟ್ರೆ ಕಷ್ಟ."

"ನೀನು ಅವರ ಹತ್ರ... ಮಾಡಿದ್ದು ಹೌದು ಅಂದ್ಯಾ?"

"ಮೊದ್ಲು ಇಲ್ಲ ಅಂದೆ. ಅಕ್ಕಾನೇ ಹೇಳಿದ್ದು ಅಂದ್ರು. ಅಕ್ಕ ಹೇಳಿದ್ಮೇಲೆ ಸುಳ್ಳು ಹೇಗಾಗುತ್ತೆ? ಮಾಡಿರ್ತೀನಿ, ನೆನಪಿಲ್ಲ ಅಷ್ಟೆ, ಅಂದ್ಕೊಂಡೆ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮಾಡಿದ್ದು ಮರೆಯೋದು. ಆಮೇಲೆ ಮನೆ ದಾರಿ ಮರೆತ, ಆಮೇಲೆ ನಮ್ಮನ್ನೂ ಮರೆತ." ಅವನು ನಗಲು ನೋಡಿದ. "ನಾಲ್ಕು ತಿಂಗಳಿಂದ ಕೂತು ಯೋಚನೆ ಮಾಡ್ತಿದೀನಿ ಅಕ್ಕ. ಒಂದು ತಟ್ಟೆ ತೊಳೆದಿದ್ದೂ ಕಣ್ಣಿಗೆ ಬರ್ತಿಲ್ಲ."

ಕುಂಡದಕ್ಕನಿಗೆ ಮಾತು ಹುಡುಕಬೇಕಾಗಲಿಲ್ಲ. "ನೀನು ತೊಳೆದಿಲ್ಲ. ನಾನು ತೊಳೆದಿದ್ದು. ಬುಧವಾರ ಬುಧವಾರ, ನೀನು ಬರೋಕೆ ಮೊದ್ಲೇ ಬಂದು. ಸಾಲು ಸರಿಸ್ಬೇಡ ಅಂದಿದ್ದೂ ನಾನೇ. ಮೇಡಂ ಕೇಳಿದಾಗ ನನ್ನ ಮಾನ ಹೋಗುತ್ತೆ ಅಂತ ನಿನ್ನ ಹೆಸರು ಹೇಳ್ದೆ. ನಿನ್ನ ನೆನಪು ಸರಿಯಾಗೇ ಇದೆ ಕಣಪ್ಪ. ನಾನೇ ಸರಿಯಿಲ್ಲ."

ಅವನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟ. ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡು, "ಹಾಗಾದ್ರೆ ನನಗೆ ಅಪ್ಪನ ಕಾಯಿಲೆ ಬಂದಿಲ್ವಾ?" ಎಂದು ಕೇಳಿದ. ಇಲ್ಲ ಎಂದಳು. ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಇಲ್ಲ ಎಂದಳು.

"ಬಾ, ಮೇಲೆ ಮೇಡಂ ಹತ್ರ ಹೋಗೋಣ. ನಿನ್ನೆದುರಿಗೇ ಹೇಳ್ತೀನಿ."

"ಅವರಿಗೆ ಆಮೇಲೆ ಹೇಳಿ ಅಕ್ಕ. ಮೊದ್ಲು ನಮ್ಮನೆಗೆ ಬನ್ನಿ. ನನ್ನ ಹೆಂಡ್ತಿಗೆ ಹೇಳಿ. ನಾನು ಹೇಳಿದ್ರೆ ಇದನ್ನೂ ಮರೆವು ಅಂತಾಳೆ. ನೀವು ಹೇಳಿದ್ರೆ ನಂಬ್ತಾಳೆ."

ಇಬ್ಬರೂ ಬಸ್ಸು ಹತ್ತಿದರು. ಎರಡು ನಿಲ್ದಾಣ ಮೊದಲೇ ಇಳಿಯುವ ರೂಢಿ ಬಿದ್ದಿದ್ದ ಕಾಲುಗಳನ್ನು ಅಲ್ಲಾಡದಂತೆ ಹಿಡಿದುಕೊಂಡು ಅವಳು ಕುಳಿತಳು. ಒಂದೇ ಕೋಣೆಯ ಮನೆ, ಬಾಗಿಲು ತೆರೆದಿತ್ತು. ಅವನ ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ಗಂಡನ ಜೊತೆ ಬಂದವರನ್ನು ಕಂಡು ಗಾಬರಿಯಿಂದ ಎದ್ದು, "ದಾರಿ ತಪ್ಪಿದ್ರಾ ಇವರು?" ಎಂದು ಕೇಳಿದಳು.

ಕುಂಡದಕ್ಕ ಹೊಸಿಲ ಹೊರಗೇ ನಿಂತು, ಏನನ್ನೂ ಮುಚ್ಚಿಡದೆ, ಮೊದಲಿಂದ ಕೊನೆಯವರೆಗೆ ಹೇಳಿದಳು. ತಟ್ಟೆ, ಟಿಕ್, ಪ್ರಶಂಸಾ ಪತ್ರ, ಎಲ್ಲವನ್ನೂ. ಆ ಹೆಂಗಸು ಕೇಳುತ್ತ ಕೇಳುತ್ತ ಅಲ್ಲೇ ನೆಲದ ಮೇಲೆ ಕುಳಿತಳು. ಅವಳು ಮಾತಾಡಿದ್ದು ಕುಂಡದಕ್ಕನ ಜೊತೆ ಅಲ್ಲ.

"ನಾಲ್ಕು ತಿಂಗಳಿಂದ ನಿಮ್ಮ ಕೈಗೆ ಬೆಂಕಿಪೊಟ್ಟಣ ಕೊಟ್ಟಿಲ್ಲ ನಾನು" ಎಂದಳು ಗಂಡನಿಗೆ. "ಮೊಮ್ಮಗೂನ ಎತ್ಕೊಳ್ಳೋಕೆ ಬಿಟ್ಟಿಲ್ಲ."

ಅವನು ಹೋಗಿ ಹೆಂಡತಿಯ ಪಕ್ಕ ಕುಳಿತು ಅವಳ ಬೆನ್ನು ಸವರಿದ. ಕುಂಡದಕ್ಕ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.